ಶೆಟ್ಟಿಹಳ್ಳಿಯ ಇಗರ್ಜಿ: ಇಟ್ಟಿಗೆ, ಗಾರೆ ಮತ್ತು ಹೇಮಾವತಿಯ ನೀರು

ಶರಾವತಿ ನದಿಯ ಲಿಂಗನಮಕ್ಕಿ ಜಲಾಶಯದ ನೀರು ಪೂರ್ಣಮಟ್ಟವಾದ 1,819 ಅಡಿಯಿಂದ ಬಹಳಷ್ಟು ಕೆಳಗಿಳಿಯುವ ಬರದ ಬೇಸಿಗೆಗಳಲ್ಲಿ, ಹೊನ್ನೆಮರಡು ಸೀಮೆಯ ಹಿನ್ನೀರಿನೊಳಗಿಂದ ಹಿರೇಭಾಸ್ಕರ ಅಣೆಕಟ್ಟು, ಅಂದರೆ ಸಾಗರದ ಜನ ಮಡೆನೂರು ಡ್ಯಾಮು ಎಂದು ಕರೆಯುವ ಹಳೆಯ ಕಟ್ಟೆ, ತನ್ನ ಸೈಫನ್ನುಗಳ ಸಾಲಿನೊಡನೆ ಮೇಲೆ ಕಾಣಿಸಿಕೊಳ್ಳುತ್ತದೆ. 1940ರ ದಶಕದಲ್ಲಿ ಕಟ್ಟಿದ ಈ ಅಣೆಕಟ್ಟನ್ನು 1964ರ ಲಿಂಗನಮಕ್ಕಿ ಅಣೆಕಟ್ಟಿನ ನೀರು ನುಂಗಿತು. ಆದರೆ ಅದೇ ನೀರಿನಡಿ ಹೋದ ಊರುಗಳ ಮನೆಗಳಾಗಲಿ ಕೊಟ್ಟಿಗೆಗಳಾಗಲಿ ಹೀಗೆ ಮೇಲೇಳುವುದಿಲ್ಲ, ಏಕೆಂದರೆ ಮಣ್ಣಿನ ಗೋಡೆ, ಅಡಿಕೆ ದಬ್ಬೆ ಮತ್ತು ಸೋಗೆಯಿಂದ ಕಟ್ಟಿದ್ದು ಕೆಲವೇ ಮಳೆಗಾಲಗಳಲ್ಲಿ ಕೆಸರಾಗಿ ಕರಗಿಹೋಗುತ್ತದೆ. ಮುಳುಗಡೆಯಾದ ಹಳ್ಳಿಯೊಂದರ ಆರಾಧನಾಲಯವೇ ವರ್ಷವರ್ಷವೂ ನೀರಿನಿಂದ ಎದ್ದುನಿಂತು, ತಾನು ಹೇಗೆ ಕಟ್ಟಲ್ಪಟ್ಟೆನೆಂಬುದನ್ನು ನೋಡುವವರಿಗೆ ತೋರಿಸಿಕೊಡುವ ನಿದರ್ಶನಕ್ಕಾಗಿ ಶರಾವತಿಯನ್ನು ಬಿಟ್ಟು ಹೇಮಾವತಿಯ ಕಡೆಗೆ, ಹಾಸನದಿಂದ ಇಪ್ಪತ್ತು ಕಿಲೋಮೀಟರಿನಷ್ಟು ದೂರದ ಶೆಟ್ಟಿಹಳ್ಳಿಗೆ ಹೋಗಬೇಕಾಗುತ್ತದೆ.

ಶೆಟ್ಟಿಹಳ್ಳಿಯ ರೋಸರಿ ಚರ್ಚ್ 1860ರ ದಶಕದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿಸಿದ ಕಥೋಲಿಕ ದೇವಾಲಯ. ಜಪಸರ ಹಿಡಿದು ಮಾತೆ ಮರಿಯಳನ್ನು ಪ್ರಾರ್ಥಿಸುವ ಕಥೋಲಿಕ ಪದ್ಧತಿಯಿಂದ ಅದಕ್ಕೆ ಈ ಹೆಸರು ಬಂದಿದೆ. ಪತ್ರಿಕೆಗಳೂ ಪ್ರವಾಸೋದ್ಯಮದ ಪ್ರಚಾರವೂ ಇದನ್ನು ಮುಳುಗುವ ಚರ್ಚ್, ತೇಲುವ ಚರ್ಚ್ ಎಂದು ಕರೆದು ಪ್ರಸಿದ್ಧಗೊಳಿಸಿವೆ; ಸಿನಿಮಾದವರೂ ಮದುವೆಯ ಛಾಯಾಗ್ರಾಹಕರೂ ಇದನ್ನು ಬೆಳಕು ಮತ್ತು ಪ್ರತಿಬಿಂಬಗಳ ಹಿನ್ನೆಲೆಯಾಗಿ ಮಾತ್ರ ಕಂಡಿದ್ದಾರೆ. ಈ ಪ್ರಸಿದ್ಧಿಯಲ್ಲಿ ಎರಡು ಸಂಗತಿಗಳು ಹಿಂದೆ ಸರಿದಿವೆ: ಇದು ಬೇಸಾಯಗಾರ ಕ್ರೈಸ್ತರ ಹಳ್ಳಿಯೊಂದರ ಗುಡಿಯಾಗಿತ್ತು ಎಂಬುದು ಒಂದು; ಇಟ್ಟಿಗೆ ಮತ್ತು ಗಾರೆಯಲ್ಲಿ ಕಮಾನು ಎಬ್ಬಿಸುವ ಹತ್ತೊಂಬತ್ತನೆಯ ಶತಮಾನದ ಮೈಸೂರು ಸೀಮೆಯ ಕಟ್ಟಡಗಾರಿಕೆಯನ್ನು ಕಲಿಯುವುದಕ್ಕೆ ಇದಕ್ಕಿಂತ ಒಳ್ಳೆಯ ಪಾಠಶಾಲೆ ಈಗ ಸಿಗುವುದು ಕಷ್ಟ ಎಂಬುದು ಇನ್ನೊಂದು.

ಕನ್ನಡನಾಡಿನ ಕಥೋಲಿಕ ಧರ್ಮ ಎರಡು ದಾರಿಗಳಲ್ಲಿ ಹರಡಿತು, ಮತ್ತು ಎರಡರ ಕಟ್ಟಡಗಳೂ ಬೇರೆಬೇರೆ ಮುಖದವು. ಒಂದು ದಾರಿ ಗೋವೆಯಿಂದ ಕರಾವಳಿಗುಂಟ ಬಂದು ಘಟ್ಟ ಹತ್ತಿದ್ದು. ಕೆಳದಿಯ ಅರಸರಿಗೂ ಪೋರ್ಚುಗೀಸರಿಗೂ ಮೆಣಸು ಮತ್ತು ಅಕ್ಕಿಯ ವ್ಯಾಪಾರದ ಕಾರಣದಿಂದ ಜಗಳವೂ ಸಂಧಿಯೂ ನಡೆಯುತ್ತಲೇ ಇದ್ದವು. ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲೆ 1623ರಲ್ಲಿ ಇಕ್ಕೇರಿಗೆ ಬಂದು ವೆಂಕಟಪ್ಪ ನಾಯಕನ ಆಸ್ಥಾನವನ್ನು ಕಂಡದ್ದು ಪೋರ್ಚುಗೀಸ್ ರಾಯಭಾರಿಯ ಜೊತೆಗೆ. ಕೆಳದಿ ಚೆನ್ನಮ್ಮನ ಆಳ್ವಿಕೆಯಲ್ಲಿ, 1678ರ ಒಪ್ಪಂದದಿಂದ, ಮಿರ್ಜಾನ್, ಚಂದಾವರ, ಭಟ್ಕಳ, ಕಲ್ಯಾಣಪುರ ಮುಂತಾದೆಡೆ ಇಗರ್ಜಿಗಳನ್ನು ಕಟ್ಟಲು ಪೋರ್ಚುಗೀಸರಿಗೆ ಅನುಮತಿ ದೊರೆಯಿತು. ಘಟ್ಟದ ಕೆಳಗಿನ ಈ ಊರುಗಳ ಕಡೆಯಿಂದ ದುಡಿಮೆ ಹುಡುಕಿಕೊಂಡು ಮೇಲೆ ಬಂದ ಕೊಂಕಣಿ ಮಾತಿನ ಕುಟುಂಬಗಳೇ ಸಾಗರ, ಹೊಸನಗರ, ತೀರ್ಥಹಳ್ಳಿಗಳ ಇಗರ್ಜಿಗಳ ಸುತ್ತ ಬಹುಮಟ್ಟಿಗೆ ನೆಲೆಸಿದವು. ಅಗಲವಾದ ಮುಖಗೋಡೆ, ಅದರ ನೆತ್ತಿಯಲ್ಲಿ ತ್ರಿಕೋನ ಅಥವಾ ಬಳುಕಿನ ಅಂಚು, ಕೆಂಪು ಮುರಕಲ್ಲಿನ ಗೋಡೆ, 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಕಾರ್ಖಾನೆ ತೆರೆದ ಮೇಲೆ ಹಬ್ಬಿದ ಮಂಗಳೂರು ಹೆಂಚು, ಇವು ಈ ದಾರಿಯ ಇಗರ್ಜಿಗಳ ಗುರುತು.

ಎರಡನೆಯ ದಾರಿ ಶ್ರೀರಂಗಪಟ್ಟಣದಿಂದ ಹೊರಟದ್ದು. ಹದಿನೇಳನೆಯ ಶತಮಾನದ ನಡುಭಾಗದಲ್ಲಿ ಲಿಯೊನಾರ್ದೊ ಚಿನ್ನಾಮಿ ಎಂಬ ಇಟಲಿಯ ಯೇಸುಸಭೆಯ ಗುರು ಅಲ್ಲಿ ಮೈಸೂರು ಮಿಷನ್ನಿಗೆ ಅಡಿಪಾಯ ಹಾಕಿ, ಕನ್ನಡ ಕಲಿತು ಕನ್ನಡದಲ್ಲೇ ಬರೆದನು. 1773ರಲ್ಲಿ ರೋಮ್ ಆ ಸಭೆಯನ್ನೇ ರದ್ದುಮಾಡಿದಾಗ ಅದರ ಕ್ಷೇತ್ರಗಳು ಪ್ಯಾರಿಸ್ ವಿದೇಶಿ ಮಿಷನ್ ಎಂಬ ಫ್ರೆಂಚ್ ಗುರುಗಳ ಸಂಘದ ಕೈಗೆ ಬಂದವು. ಎರಡು ದಾರಿಗಳು ಒಮ್ಮೆ ಒಂದುಗೂಡಿದ್ದು ಸಂಕಟದಲ್ಲಿ: 1784ರಲ್ಲಿ ಟಿಪ್ಪು ಸುಲ್ತಾನನು ಕರಾವಳಿಯ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಹೋದನು, ಮತ್ತು 1799ರಲ್ಲಿ ಅವನ ಪತನವಾದ ಮೇಲೆಯೇ ಉಳಿದವರಿಗೆ ಬಿಡುಗಡೆಯಾಯಿತು. ಚದುರಿದ್ದ ಕ್ರೈಸ್ತ ಸಮುದಾಯವನ್ನು ಮತ್ತೆ ಕೂಡಿಸುವುದಕ್ಕಾಗಿ ಆಗ ಅಲ್ಲಿಗೆ ಬಂದವನು ಅದೇ ಫ್ರೆಂಚ್ ಸಂಘದ ಗುರು ಅಬೆ ದುಬುವಾ. ಹಿಂದೂಗಳ ಆಚಾರ ವಿಚಾರಗಳನ್ನು ಕುರಿತು 1816ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟವಾದ ಗ್ರಂಥದಿಂದ ಲೋಕಪ್ರಸಿದ್ಧನಾದ ದುಬುವಾ, ಮೈಸೂರು ಸೀಮೆಯಲ್ಲಿ ದೇಶೀಯರಂತೆ ಉಡುಗೆ ತೊಟ್ಟು, ದೇಶೀಯರಂತೆ ಉಂಡು, ಜನರಿಂದ ದೊಡ್ಡ ಸ್ವಾಮಿಯವರು ಎನ್ನಿಸಿಕೊಂಡಿದ್ದನು. ಸಿಡುಬಿನ ವಿರುದ್ಧ ಲಸಿಕೆ ಹಾಕಿಸುವ ಕೆಲಸವನ್ನೂ ಅವನು ಕೈಗೆತ್ತಿಕೊಂಡನು. 1803–04ರಲ್ಲಿ 25,432 ಜನರಿಗೆ ಲಸಿಕೆ ಹಾಕಿಸಿದ ಲೆಕ್ಕ ಅವನ ಹೆಸರಿನಲ್ಲಿದೆ.

ಶೆಟ್ಟಿಹಳ್ಳಿಯ ದೃಷ್ಟಿಯಿಂದ ಮುಖ್ಯವಾದದ್ದು ದುಬುವಾನ ಗ್ರಂಥವಲ್ಲ, ಅವನ ಬೇಸಾಯದ ನೆಲೆಗಳು. ನೆಲವಿಲ್ಲದೆ ಅಲೆಯುತ್ತಿದ್ದ ಕ್ರೈಸ್ತರಿಗೆ ಉಳುವ ಭೂಮಿ ಒದಗಿಸಿ ಒಂದೆಡೆ ನಿಲ್ಲಿಸದಿದ್ದರೆ ಯಾವ ಉಪದೇಶವೂ ನಿಲ್ಲದೆಂದು ಅವನು ಅರಿತಿದ್ದನು, ಮತ್ತು ಅಂಥ ನೆಲೆಗಳಲ್ಲಿ ಮುಖ್ಯವಾದುದನ್ನು ಹಾಸನ ಸೀಮೆಯ ಸಾತಳ್ಳಿಯಲ್ಲಿ ಸ್ಥಾಪಿಸಿದನು. ಅವನು 1823ರಲ್ಲಿ ಫ್ರಾನ್ಸಿಗೆ ಮರಳಿದ ವರ್ಷವೇ ಪ್ರಕಟವಾದ ಪತ್ರಗಳಲ್ಲಿ, ಈ ದೇಶದಲ್ಲಿ ಕ್ರೈಸ್ತಧರ್ಮಕ್ಕೆ ಭವಿಷ್ಯವಿಲ್ಲವೆಂಬ ನಿರಾಶೆಯ ತೀರ್ಮಾನವನ್ನೇ ಕೊಟ್ಟಿದ್ದಾನೆ. ನಲವತ್ತು ವರ್ಷ ಕಳೆಯುವಷ್ಟರಲ್ಲಿ ಅದೇ ಹಾಸನ ಸೀಮೆಯ ಹೊಳೆದಂಡೆಯಲ್ಲಿ ಇಷ್ಟು ಎತ್ತರದ ದೇವಾಲಯ ಎದ್ದಿತೆಂಬುದನ್ನು ನೋಡಿದರೆ, ದುಬುವಾನ ಮಾತಿಗಿಂತ ಅವನ ಕೆಲಸವೇ ಹೆಚ್ಚು ದೂರ ಕಂಡಿತ್ತು ಎನ್ನಬೇಕಾಗುತ್ತದೆ.

ಮೈಸೂರು ಸೀಮೆ 1850ರಲ್ಲಿ ಪ್ರತ್ಯೇಕ ಧರ್ಮಾಡಳಿತ ಪ್ರದೇಶವಾದಾಗ ಅದರ ಹೊಣೆ ಹೊತ್ತವನು ಧರ್ಮಾಧ್ಯಕ್ಷ ಶಾರ್ಬೊನೊ. ಅವನು ತೀರಿಕೊಂಡ 1873ರವರೆಗಿನ ಅವಧಿ ಮಿಷನ್ನಿನ ಕಟ್ಟುವ ಕಾಲ. ಬೆಂಗಳೂರಿನ ಮಿಷನ್ ಅಚ್ಚುಕೂಟದಿಂದ 1855ರಲ್ಲಿ ಕನ್ನಡ–ಲ್ಯಾಟಿನ್ ನಿಘಂಟು ಹೊರಬಂದದ್ದೂ, ಶೆಟ್ಟಿಹಳ್ಳಿಯ ದೇವಾಲಯ ನಿರ್ಮಾಣವಾದದ್ದೂ ಈ ಅವಧಿಯಲ್ಲೇ. ಆಲೂರು, ಸಕಲೇಶಪುರಗಳ ಕಾಫಿ ತೋಟದ ಬ್ರಿಟಿಷ್ ಮಾಲೀಕರ ಅನುಕೂಲಕ್ಕಾಗಿ ಈ ದೇವಾಲಯವನ್ನು ಕಟ್ಟಿದರೆಂಬ ಮಾತು ಪ್ರವಾಸಿ ಬರಹಗಳಲ್ಲಿ ಪದೇಪದೇ ಕಾಣುತ್ತದೆಯಾದರೂ ಅದನ್ನು ಸುಲಭವಾಗಿ ಒಪ್ಪುವಂತಿಲ್ಲ. ತೋಟದ ಇಂಗ್ಲಿಷರಲ್ಲಿ ಹೆಚ್ಚಿನವರು ಪ್ರಾಟೆಸ್ಟಂಟರು. ಫ್ರೆಂಚ್ ಕಥೋಲಿಕ ಗುರುವಿನ ಬಲಿಪೂಜೆಗಾಗಿ ಅವರು ತೋಟ ಬಿಟ್ಟು ಹೊಳೆದಂಡೆಯ ಹಳ್ಳಿಗೆ ಬರುತ್ತಿದ್ದರೆಂದು ನಂಬುವುದಕ್ಕಿಂತ, ಸುತ್ತಲಿನ ಬೇಸಾಯಗಾರ ಕ್ರೈಸ್ತರಿಗಾಗಿಯೇ ಮಿಷನ್ ಇದನ್ನು ಕಟ್ಟಿತೆಂದು ತಿಳಿಯುವುದು ಹೆಚ್ಚು ಸಮಂಜಸ. ಹಳ್ಳಿಯವರ ಗುಡಿ ಇಷ್ಟು ದೊಡ್ಡದಾಗಿರಲಾರದು ಎಂಬ ಪೂರ್ವಗ್ರಹವೇ ದೊರೆಗಳ ಕಥೆಯನ್ನು ಹುಟ್ಟಿಸಿರಬೇಕು.

ಕಟ್ಟಡದ ಶೈಲಿಯನ್ನು ಗೋಥಿಕ್ ಎಂದು ಕರೆಯುವುದು ವಾಡಿಕೆ. ಹನ್ನೆರಡನೆಯ ಶತಮಾನದಲ್ಲಿ ಫ್ರಾನ್ಸಿನಲ್ಲಿ ಹುಟ್ಟಿದ ಈ ಶೈಲಿಯ ಜೀವಾಳವೆಂದರೆ ಚೂಪುಕಮಾನು, ಅಂದರೆ ಎರಡು ಬಾಗುಗಳು ನೆತ್ತಿಯಲ್ಲಿ ಮೊನೆಯಾಗಿ ಕೂಡುವ ಕಮಾನು. ಅರ್ಧವೃತ್ತದ ಕಮಾನು ತನ್ನ ಮೇಲಿನ ಭಾರವನ್ನು ಬಹಳಷ್ಟು ಪಕ್ಕಕ್ಕೆ ತಳ್ಳುತ್ತದೆ. ಚೂಪುಕಮಾನು ಅದನ್ನು ಹೆಚ್ಚು ನೇರವಾಗಿ ಕೆಳಕ್ಕೆ ಇಳಿಸುವುದರಿಂದ ಗೋಡೆಯನ್ನು ತೆಳುವಾಗಿಸಿ, ಎತ್ತರಿಸಿ, ದೊಡ್ಡ ಕಿಟಕಿಗಳನ್ನು ತೆರೆಯಲು ಸಾಧ್ಯವಾಗುತ್ತದೆ. ಉಳಿದ ಅಡ್ಡಭಾರವನ್ನು ಗೋಡೆಯ ಹೊರಮೈಗೆ ಒತ್ತಿ ಕಟ್ಟಿದ ಒತ್ತುಗಂಬಗಳು ಹೊರುತ್ತವೆ. ಪ್ಯಾರಿಸ್ಸಿನ ನೋತ್ರ್ ದಾಮ್ ದೇವಾಲಯದ ಜೀರ್ಣೋದ್ಧಾರ 1840ರ ದಶಕದಿಂದ 1860ರ ದಶಕದವರೆಗೆ ವಿಯೊಲೆ–ಲೆ–ದುಕ್ ಎಂಬ ವಾಸ್ತುಶಿಲ್ಪಿಯ ನೇತೃತ್ವದಲ್ಲಿ ನಡೆದು, ಗೋಥಿಕ್ ಶೈಲಿಯೇ ಕಥೋಲಿಕ ಫ್ರಾನ್ಸಿನ ಸ್ವಂತ ಶೈಲಿಯೆಂಬ ಅಭಿಮಾನ ಆ ಕಾಲದಲ್ಲಿ ಉಕ್ಕುತ್ತಿತ್ತು. ಆಗ ಹಡಗು ಹತ್ತಿ ಇಲ್ಲಿಗೆ ಬಂದ ಗುರುಗಳು ಊರಿನ ನೆನಪಾಗಿ ತಂದದ್ದು ಆ ಅಭಿಮಾನವನ್ನೇ. ಮೈಸೂರಿನಲ್ಲಿ 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅಡಿಗಲ್ಲಿಟ್ಟ ಸಂತ ಫಿಲೋಮಿನಾ ದೇವಾಲಯ ಅದರ ತಡವಾದ, ಶ್ರೀಮಂತವಾದ ಫಲ.

ಶೆಟ್ಟಿಹಳ್ಳಿಯಲ್ಲಿ ಶ್ರೀಮಂತಿಕೆಯಿಲ್ಲ, ಲೆಕ್ಕಾಚಾರವಿದೆ. ಯುರೋಪಿನ ಗೋಥಿಕ್ ಕಟ್ಟಡ ಕೆತ್ತಿದ ಕಲ್ಲಿನದು. ಇಲ್ಲಿ ಕಲ್ಲಿನ ಕೆಲಸವನ್ನೆಲ್ಲ ಸುಟ್ಟ ಇಟ್ಟಿಗೆಯೂ ಗಾರೆಯೂ ಮಾಡಿವೆ. ಭಕ್ತರು ಕೂಡುವ ಉದ್ದನೆಯ ನಡುಹಜಾರ, ಅದರ ಬದಿಯಲ್ಲಿ ಕಂಬ ಮತ್ತು ಕಮಾನುಗಳ ಸಾಲು, ಕೊನೆಯಲ್ಲಿ ಬಲಿಪೀಠವಿದ್ದ ಬಾಗಿದ ಗೋಡೆಯ ಪವಿತ್ರಸ್ಥಾನ, ಈ ವಿನ್ಯಾಸ ಚಾವಣಿ ಹೋದ ಮೇಲೂ ಸ್ಪಷ್ಟವಾಗಿ ಓದಲು ಸಿಗುತ್ತದೆ. ಬೇಲೂರು, ಹಳೇಬೀಡುಗಳಿರುವ ಜಿಲ್ಲೆಯಲ್ಲಿ ಇದನ್ನು ನೋಡುವಾಗ ವ್ಯತ್ಯಾಸವೊಂದು ತಾನಾಗಿಯೇ ಕಣ್ಣಿಗೆ ಬೀಳುತ್ತದೆ: ಹೊಯ್ಸಳರ ಗುಡಿ ಕಂಬದ ಮೇಲೆ ತೊಲೆ ಇಟ್ಟು, ತೊಲೆಯ ಮೇಲೆ ಚಪ್ಪಡಿ ಹೊದಿಸಿ ಕಟ್ಟಿದ್ದು, ದೇವರ ಸನ್ನಿಧಿ ಅಲ್ಲಿ ಚಿಕ್ಕದಾದ ಕತ್ತಲ ಗರ್ಭಗುಡಿ, ಕಥೋಲಿಕ ದೇವಾಲಯದಲ್ಲಿ ಊರಿಗೆ ಊರೇ ಒಳಗೆ ಕೂತು ಒಂದೇ ಪೀಠವನ್ನು ನೋಡಬೇಕಾದ್ದರಿಂದ ನಡುವೆ ಕಂಬಗಳ ಅಡ್ಡಿಯಿಲ್ಲದ, ಬೆಳಕಿರುವ ಅಗಲವಾದ ಜಾಗ ಬೇಕು, ಅದಕ್ಕೆ ಕಮಾನು ಬೇಕು.

ಮೇಲ್ಗಾರೆ ಉದುರಿದ ಕಂಬವೊಂದನ್ನು ಹತ್ತಿರ ನಿಂತು ನೋಡಿದರೆ ಕೆಲಸದ ಗುಟ್ಟು ತಿಳಿಯುತ್ತದೆ. ದೂರಕ್ಕೆ ಕೆತ್ತಿದ ಕಲ್ಲಿನಂತೆ ತೋರುವ ಉರುಟು, ಏಣು, ಪಟ್ಟಿಗಳಿಗೆ ಒಳಗಿನ ಇಟ್ಟಿಗೆಯ ವರಸೆಯೇ ಆಕಾರ ಕೊಟ್ಟಿದೆ. ಗಾರೆ ಅದರ ಮೇಲೆ ನಯವನ್ನಷ್ಟೇ ಸೇರಿಸಿದೆ. ಕಮಾನಿನ ಬಾಗಿನಲ್ಲಿ ಇಟ್ಟಿಗೆಗಳು ಅಂಚಿನ ಮೇಲೆ ನಿಂತು, ನಡುವಿನ ಗಾರೆಯ ಸಂದು ಕೆಳಗೆ ಸಣ್ಣದಾಗಿ ಮೇಲೆ ದಪ್ಪವಾಗಿ, ಬೀಸಣಿಗೆಯ ಕಡ್ಡಿಗಳಂತೆ ಬಿಚ್ಚಿಕೊಂಡಿವೆ. ಇದು ಫ್ರಾನ್ಸಿನಿಂದ ಬಂದ ಕೈಗಳ ಕೆಲಸವಾಗಿರುವುದು ಅಸಂಭವ. ಗುರು ಕಾಗದದ ಮೇಲೆ ಗೆರೆ ಎಳೆದಿರಬಹುದು. ಕೋಟೆ, ಮಸೀದಿ, ಅರಮನೆಗಳಲ್ಲಿ ಕಮಾನು ಕಟ್ಟಿ ಪಳಗಿದ್ದ ಈ ಸೀಮೆಯ ಗಾರೆ ಕೆಲಸದವರಿಗೆ ಚೂಪುಕಮಾನು ಹೊಸದಾಗಿರಲಿಲ್ಲ.

ಈ ಕಟ್ಟಡದ ಗಾರೆಗೆ ಬೆಲ್ಲವನ್ನೂ ಮೊಟ್ಟೆಯನ್ನೂ ಬೆರೆಸಿದ್ದರಿಂದಲೇ ಅದು ನೀರಿಗೆ ಜಗ್ಗಲಿಲ್ಲವೆಂಬ ನಂಬಿಕೆ ಬಹಳ ಬಳಕೆಯಲ್ಲಿದೆ. ಬೆಲ್ಲದ ನೀರನ್ನು ಗಾರೆಗೆ ಸೇರಿಸುವ ಪದ್ಧತಿ ದಕ್ಷಿಣ ಭಾರತದಲ್ಲಿ ನಿಜವಾಗಿಯೂ ಇತ್ತು, ಮೊಟ್ಟೆಯ ಬಿಳಿಯನ್ನು ಮೇಲ್ಮೈಯ ನಯಗಾರೆಗೆ ಬೆರೆಸುವುದೂ ಇತ್ತು. ಆದರೆ ನೀರನ್ನು ತಡೆಯುವ ಗುಣ ಮುಖ್ಯವಾಗಿ ಬರುವುದು ಸುರ್ಕಿಯಿಂದ, ಎಂದರೆ ಹದವಾಗಿ ಸುಟ್ಟ ಇಟ್ಟಿಗೆಯ ಪುಡಿಯಿಂದ. ಬರಿಯ ಸುಣ್ಣ ಮತ್ತು ಮರಳಿನ ಗಾರೆ ಗಾಳಿಯನ್ನು ಹೀರಿಕೊಂಡು ನಿಧಾನವಾಗಿ ಗಟ್ಟಿಯಾಗುವುದರಿಂದ ತೇವದಲ್ಲಿ ಹಿಡಿತ ಕಳೆದುಕೊಳ್ಳುತ್ತದೆ. ಸುರ್ಕಿ ಬೆರೆಸಿ, ಎತ್ತು ಕಟ್ಟಿದ ಗಾರೆ ಗಾಣದಲ್ಲಿ ನುಣ್ಣಗೆ ಅರೆದಾಗ ಸುಣ್ಣವೂ ಇಟ್ಟಿಗೆಪುಡಿಯೂ ರಾಸಾಯನಿಕವಾಗಿ ಕೂಡಿಕೊಂಡು ನೀರಿನಲ್ಲಿಯೂ ಗಟ್ಟಿಯಾಗುವ ಬಂಧಕವಾಗುತ್ತದೆ. ಸಿಮೆಂಟಿನ ಕಾಲ ಬರುವವರೆಗೆ ಮೈಸೂರು ಸೀಮೆಯ ದೊಡ್ಡ ಕಟ್ಟಡಗಳೂ ಕೆರೆಯ ತೂಬುಗಳೂ ನಿಂತದ್ದು ಇಂಥ ಗಾರೆಯ ಮೇಲೆಯೇ, ಮತ್ತು 1911ರಿಂದ ಕಟ್ಟತೊಡಗಿದ ಕನ್ನಂಬಾಡಿ ಅಣೆಕಟ್ಟನ್ನು ಹಿಡಿದು ನಿಲ್ಲಿಸಿರುವುದೂ ಸುರ್ಕಿ ಗಾರೆಯೇ.

ಹೇಮಾವತಿ ಮೂಡಿಗೆರೆ ತಾಲ್ಲೂಕಿನ ಘಟ್ಟಗಳಲ್ಲಿ ಹುಟ್ಟಿ ಸಕಲೇಶಪುರವನ್ನು ಹಾದು ಬರುವ ಕಾವೇರಿಯ ಉಪನದಿ. ಹಳ್ಳಿಯ ಬದುಕನ್ನು ಕನ್ನಡದ ಗದ್ಯಕ್ಕೆ ತಂದ ಗೊರೂರು ರಾಮಸ್ವಾಮಿ ಅಯ್ಯಂಗಾರರ ಊರಾದ ಗೊರೂರಿನಲ್ಲಿ ಅದಕ್ಕೆ ಅಣೆಕಟ್ಟು ಕಟ್ಟುವ ಯೋಜನೆ 1960ರ ದಶಕದಲ್ಲಿ ರೂಪುಗೊಂಡು 1979ರಲ್ಲಿ ಪೂರ್ಣಗೊಂಡಿತು. ಜಲಾಶಯದ ಪೂರ್ಣಮಟ್ಟ 2,922 ಅಡಿ, ಸಂಗ್ರಹ ಸಾಮರ್ಥ್ಯ 37.1 ಟಿಎಂಸಿ. ಶೆಟ್ಟಿಹಳ್ಳಿಯವರು ಬೇರೆಡೆ ಹೋಗಿ ನೆಲೆಸಿದರು. ದೇವಾಲಯದೊಳಗಿನ ಸಾಗಿಸಬಹುದಾದ ಸಾಮಗ್ರಿಗಳು ಬೇರೆ ದೇವಾಲಯಗಳ ಪಾಲಾದವು. ಸಾಮಾನ್ಯವಾಗಿ ಜುಲೈನಿಂದ ಅಕ್ಟೋಬರಿನವರೆಗೆ ಮೂರನೆಯ ಒಂದು ಭಾಗವಷ್ಟೇ ಹೊರಗಿದ್ದು ಮಿಕ್ಕದ್ದು ನೀರಿನೊಳಗಿರುತ್ತದೆ, ಬೇಸಿಗೆಯಲ್ಲಿ ಬುಡದವರೆಗೆ ನಡೆದು ಹೋಗಬಹುದು. ಜಪಸರದ ಮಾತೆಯ ಹಬ್ಬ ಅಕ್ಟೋಬರ್ 7. 1571ರ ಲೆಪಾಂತೊ ನೌಕಾಯುದ್ಧದ ನೆನಪಿಗಾಗಿ ಪೋಪ್ ಐದನೆಯ ಪಯಸ್ ಆರಂಭಿಸಿದ ಆ ಹಬ್ಬ ಬರುವುದು, ಮುಂಗಾರು ಸರಿಯಾಗಿ ಸುರಿದ ವರ್ಷಗಳಲ್ಲಿ, ಅಣೆಕಟ್ಟು ತುಂಬಿ ದೇವಾಲಯಕ್ಕೆ ಕಾಲಿಡಲಾಗದ ಹೊತ್ತಿನಲ್ಲಿ.

ನೀರಿನಲ್ಲಿ ಇಷ್ಟು ಕಾಲ ನಿಂತಿದೆಯಲ್ಲ, ಇನ್ನೇನೂ ಆಗದೆಂದು ತಿಳಿಯುವುದು ತಪ್ಪು. ಸದಾ ನೀರಿನಲ್ಲೇ ಮುಳುಗಿರುವ ಗೋಡೆ ಒಂದು ಬಗೆಯ ಸಮಸ್ಥಿತಿಗೆ ಬರುತ್ತದೆ; ವರ್ಷಕ್ಕೊಮ್ಮೆ ನೆನೆದು ವರ್ಷಕ್ಕೊಮ್ಮೆ ಒಣಗುವ ಗೋಡೆಗೆ ಆ ಭಾಗ್ಯವಿಲ್ಲ. ಒಣಗುವಾಗ ಇಟ್ಟಿಗೆಯ ರಂಧ್ರಗಳಲ್ಲಿ ಲವಣ ಹರಳುಗಟ್ಟಿ ಪದರಗಳನ್ನು ಒಡೆಯುತ್ತದೆ, ಮಲೆನಾಡಿನ ಮೆದುನೀರು ಗಾರೆಯ ಸುಣ್ಣವನ್ನು ಸ್ವಲ್ಪಸ್ವಲ್ಪವೇ ಕರಗಿಸಿ ಒಯ್ಯುತ್ತದೆ, ಅಲೆಗಳು ನೀರಿನ ಮಟ್ಟದ ಉದ್ದಕ್ಕೂ ಸಂದುಗಳನ್ನು ಕೊರೆಯುತ್ತವೆ, ಬಿರುಕಿನಲ್ಲಿ ಬೇರೂರಿದ ಅರಳಿ, ಆಲದಂಥ ಗಿಡಗಳು ಉಳಿದ ಕೆಲಸ ಮುಗಿಸುತ್ತವೆ. ಚಾವಣಿ ಇದ್ದಾಗ ಎರಡು ಬದಿಯ ಗೋಡೆಗಳನ್ನು ಮೇಲಿನಿಂದ ಕಟ್ಟಿಹಾಕುತ್ತಿದ್ದ ಮರದ ಚೌಕಟ್ಟು ಈಗಿಲ್ಲ. ಸಾಲುಕಮಾನುಗಳಲ್ಲಿ ಪ್ರತಿಯೊಂದೂ ಪಕ್ಕದ್ದರ ತಳ್ಳುವಿಕೆಯನ್ನು ತನ್ನ ತಳ್ಳುವಿಕೆಯಿಂದ ಸರಿದೂಗಿಸಿ ನಿಂತಿರುವುದರಿಂದ, ತುದಿಯ ಒಂದು ಕಳಚಿದರೆ ಅದರ ನೆರೆಯದು ಆಸರೆ ಕಳೆದುಕೊಂಡು ಅದೂ ಬೀಳುವ ಅಪಾಯವಿದೆ. ಈಚಿನ ವರ್ಷಗಳಲ್ಲಿ ಗೋಡೆಯ ಭಾಗಗಳು ಕುಸಿದಿರುವುದು ಹೀಗೆಯೇ. ಮೋಟುಗೋಡೆ ಹತ್ತಿ ಚಿತ್ರ ತೆಗೆಸಿಕೊಳ್ಳುವವರು ಇದಕ್ಕೆ ತಮ್ಮ ಕೈಲಾದ ಸಹಾಯ ಮಾಡುತ್ತಿದ್ದಾರೆ.

ಕೃಷ್ಣರಾಜಸಾಗರದಲ್ಲಿ ಮುಳುಗಿದ್ದ ಕನ್ನಂಬಾಡಿಯ ವೇಣುಗೋಪಾಲಸ್ವಾಮಿ ದೇವಾಲಯವನ್ನು ಖೋಡೆ ಪ್ರತಿಷ್ಠಾನದವರು ಕಲ್ಲುಕಲ್ಲಾಗಿ ಬಿಚ್ಚಿ, ಹೊಸ ಕನ್ನಂಬಾಡಿಯಲ್ಲಿ ಮತ್ತೆ ಜೋಡಿಸಿ ನಿಲ್ಲಿಸಿದ್ದನ್ನು ನೆನೆದು, ಶೆಟ್ಟಿಹಳ್ಳಿಯನ್ನೂ ಹಾಗೆಯೇ ಏಕೆ ಸ್ಥಳಾಂತರಿಸಬಾರದು ಎಂದು ಕೇಳುವವರಿದ್ದಾರೆ. ಸಾಧ್ಯವಿಲ್ಲ. ಗಾರೆಯ ಹಂಗಿಲ್ಲದೆ ಒಂದರ ಮೇಲೊಂದು ಕೂತ ಕಲ್ಲುಗಳಿಗೆ ಸಂಖ್ಯೆ ಬರೆದು ಬಿಚ್ಚಿ ಕಟ್ಟಬಹುದು. ಇಟ್ಟಿಗೆಯೂ ಗಾರೆಯೂ ಬೆಸೆದು ಒಂದೇ ಮೈಯಾದ ಗೋಡೆಯನ್ನು ಬಿಚ್ಚಿದರೆ ಸಿಗುವುದು ಇಟ್ಟಿಗೆಚೂರಿನ ರಾಶಿ ಮಾತ್ರ. ಅದನ್ನು ಇದ್ದಲ್ಲಿಯೇ ಉಳಿಸಬೇಕು, ಇಲ್ಲವೇ ಇರುವಷ್ಟು ದಿನದಲ್ಲಿ ಪೂರ್ತಿಯಾಗಿ ದಾಖಲಿಸಬೇಕು. ಸಿಮೆಂಟು ಬಳಿದು ದುರಸ್ತಿ ಮಾಡುವ ಉತ್ಸಾಹವೂ ಬೇಡ: ಸಿಮೆಂಟು ತೇವವನ್ನು ಒಳಗೇ ಹಿಡಿದಿಟ್ಟು ಹಳೆಯ ಮೆದು ಇಟ್ಟಿಗೆಯನ್ನು ಬೇಗ ಕೆಡಿಸುತ್ತದೆ.

ಸಾಗರದ ಓದುಗರಿಗೆ ಈ ಸಂಗತಿ ದೂರದ್ದೆನಿಸಬೇಕಾಗಿಲ್ಲ. 1963ರಲ್ಲಿ ಮೈಸೂರಿನಿಂದ ಬೇರ್ಪಟ್ಟು ಚಿಕ್ಕಮಗಳೂರು ಧರ್ಮಪ್ರಾಂತ ಹುಟ್ಟಿದಾಗಿನಿಂದ 1988ರಲ್ಲಿ ಶಿವಮೊಗ್ಗ ಧರ್ಮಪ್ರಾಂತ ಪ್ರತ್ಯೇಕವಾಗುವವರೆಗೆ, ಘಟ್ಟ ಹತ್ತಿ ಬಂದವರ ಇಗರ್ಜಿಗಳೂ ಹಾಸನದ ಫ್ರೆಂಚ್ ಗುರುಗಳ ದೇವಾಲಯಗಳೂ ಒಬ್ಬರೇ ಧರ್ಮಾಧ್ಯಕ್ಷರ ಆಡಳಿತದಲ್ಲಿದ್ದವು. ಶರಾವತಿಯ ಮುಳುಗಡೆಯೂ ಹೇಮಾವತಿಯ ಮುಳುಗಡೆಯೂ ನಡೆದದ್ದು ಆ ಕಾಲು ಶತಮಾನದಲ್ಲೇ. ಶರಾವತಿಯ ಪಾಲಿಗೆ ನಾ. ಡಿಸೋಜ (1937–2025) ಇದ್ದರು. ಸಾಗರದ ಕಥೋಲಿಕ ಕುಟುಂಬದಲ್ಲಿ ಹುಟ್ಟಿ, ಶರಾವತಿ ಯೋಜನೆಯಲ್ಲೇ ನೌಕರಿ ಮಾಡಿ, ‘ಮುಳುಗಡೆ’, ‘ದ್ವೀಪ’ಗಳಲ್ಲಿ ನೀರಿಗೆ ಊರು ಬಿಟ್ಟವರ ಬದುಕನ್ನೂ, ‘ಇಗರ್ಜಿಯ ಸುತ್ತಲಿನ ಹತ್ತು ಮನೆಗಳು’ ಕಾದಂಬರಿಯಲ್ಲಿ ಮಲೆನಾಡಿನ ಕ್ರೈಸ್ತರ ಬದುಕನ್ನೂ ಬರೆದವರು ಅವರು. ಹೇಮಾವತಿಯ ಕ್ರೈಸ್ತ ಹಳ್ಳಿಗಳಿಗೆ ಅಂಥ ಲೇಖಕ ದೊರೆಯಲಿಲ್ಲ. ಅವಕ್ಕೆ ದೊರೆತದ್ದು ಛಾಯಾಗ್ರಾಹಕರು.

ಶೆಟ್ಟಿಹಳ್ಳಿಯಲ್ಲಿ ಮದುವೆಯಾದವರು ಈಗ ಅರವತ್ತು ದಾಟಿದ್ದಾರೆ. ಪೀಠದ ಮುಂದೆ ಯಾರು ಎಲ್ಲಿ ಕೂರುತ್ತಿದ್ದರು, ಹಬ್ಬದ ತೇರು ಯಾವ ದಾರಿಯಲ್ಲಿ ಹೋಗುತ್ತಿತ್ತು, ಗಂಟೆಯ ದನಿ ಎಷ್ಟು ಹೊಲಗಳಾಚೆಗೆ ಕೇಳುತ್ತಿತ್ತು ಎಂಬುದನ್ನು ಹೇಳಬಲ್ಲವರು ಅವರು ಮಾತ್ರ, ಮತ್ತು ಆ ಮಾಹಿತಿ ಯಾವ ಡ್ರೋನ್ ಚಿತ್ರದಲ್ಲೂ ಸಿಗುವುದಿಲ್ಲ. ಹಾಸನ, ಮೈಸೂರುಗಳ ಇತಿಹಾಸ ವಿಭಾಗಗಳೂ ವಾಸ್ತುಶಿಲ್ಪ ಕಾಲೇಜುಗಳೂ ಪುರಾತತ್ವ ಇಲಾಖೆಯೂ ಸೇರಿ, ನೀರು ಇಳಿದಿರುವ ಒಂದು ಬೇಸಿಗೆಯಲ್ಲಿ ಗೋಡೆಗೋಡೆಯನ್ನೂ ಅಳೆದು ನಕ್ಷೆ ಬರೆಸಿ, ಧರ್ಮಕೇಂದ್ರಗಳ ಹಳೆಯ ದಾಖಲೆ ಪುಸ್ತಕಗಳನ್ನು ತೆರೆಸಿ, ಊರು ಬಿಟ್ಟವರ ಮಾತನ್ನು ಧ್ವನಿಮುದ್ರಿಸಿಕೊಂಡರೆ ಈ ಕೆಲಸ ಮುಗಿಯುತ್ತದೆ. ಹೆಚ್ಚಿನ ಹಣ ಬೇಡ, ಎರಡು ಮೂರು ತಿಂಗಳ ಶ್ರಮ ಸಾಕು, ಅದನ್ನು ಮುಂದಿನ ಬೇಸಿಗೆಯಲ್ಲೇ ಕೈಗೊಳ್ಳಬೇಕು.